ಗುಂಡ್ಯಾ ಅಜ್ಜಿಯ ಮೇಲೆ ಹಾರುತ್ತಾನೆ. ಹುಬ್ಬಳ್ಳಿಯಲ್ಲಿ ಕೈಗೆಟುಕುವ ಟ್ರೇನರ್ ಯಾರಾದರೂ ಇದ್ದಾರಾ?

ಗುಂಡ್ಯಾನ ಮನೆಯವ (ನವನಗರ), ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳು ತಿಂಗಳ ಲ್ಯಾಬ್ರಡಾರ್ ಇದ್ದಾನೆ. ಹೆಸರು ಗುಂಡ್ಯಾ, ತೂಕ 26 ಕೆಜಿ. ಸ್ವಭಾವ ಬಂಗಾರ. ಕಚ್ಚುವುದಿಲ್ಲ, ಗುರ್ ಅನ್ನುವುದಿಲ್ಲ. ಆದರೆ ಯಾರೇ ಗೇಟು ತೆಗೆದರೂ ಮುಂಗಾಲು ಎರಡೂ ಅವರ ಎದೆಯ ಮೇಲೆ.

ಅಜ್ಜಿಗೆ 74 ವರ್ಷ. ಮೊಣಕಾಲಿನ ಆಪರೇಷನ್ ಆಗಿದೆ. ಹೋದ ವಾರ ತುಳಸಿಗೆ ನೀರು ಹಾಕಿ ಒಳಗೆ ಬರುತ್ತಿದ್ದರು, ಇವನು ಹಾರಿದ. ಗೋಡೆ ಕೈಗೆ ಸಿಕ್ಕಿತು ಅಂತ ಬಚಾವು. ತಂಬಿಗೆ ಚರಂಡಿ ಸೇರಿತು.

ವಾಕಿಂಗ್ ಕತೆಯೂ ಅಷ್ಟೇ. ಉಣಕಲ್ ಕೆರೆ ದಂಡೆಯ ಮೇಲೆ ಹಗ್ಗ ಜಗ್ಗಿ ಜಗ್ಗಿ ನನ್ನ ಅಂಗೈ ಚರ್ಮ ಕಿತ್ತಿದೆ. ಕರೆದರೆ ಬರುವುದಿಲ್ಲ. ರಸ್ತೆಯಲ್ಲಿ ಚಿಗರಿ ಬಸ್ಸು ಭರ್ ಅಂತ ಹೋದಾಗ ಮಾತ್ರ ತಾನಾಗಿ ನನ್ನ ಕಾಲಸಂದಿಗೆ ಬಂದು ನಿಲ್ಲುತ್ತಾನೆ.

ಇಬ್ಬರು ಟ್ರೇನರ್‌ಗಳನ್ನು ವಿಚಾರಿಸಿದೆ. ಒಬ್ಬರು ಮನೆಗೆ ಬಂದು ವಾರಕ್ಕೆ ಮೂರು ದಿನ ಕಲಿಸುತ್ತಾರಂತೆ, ಎರಡು ತಿಂಗಳಿಗೆ 12,000 ರೂಪಾಯಿ. ಇನ್ನೊಬ್ಬರು ‘ನಮ್ಮಲ್ಲೇ 45 ದಿನ ಬಿಡಿ’ ಅಂದರು. 28,000, ಊಟದ ಖರ್ಚು ಬೇರೆ. ನಾನು ಗೋಕುಲ ರೋಡಿನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಮಾಡುವವನು. ಇದು ನನ್ನ ಕೈಮೀರಿದ್ದು. ಅಜ್ಜಿ ಕೇಳಿ ‘ಅಷ್ಟ್ ರೊಕ್ಕಾ ನನಗ ಕೊಡ್ರಿ, ನಾನ ಕಲಸ್ತೀನಿ’ ಅಂದರು. ಹುಬ್ಬಳ್ಳಿ-ಧಾರವಾಡದಲ್ಲಿ ಕಡಿಮೆ ಖರ್ಚಿನ ದಾರಿ ಏನಾದರೂ ಇದೆಯಾ?

ಸಪ್ತಾಪುರ ಚಹಾ

ಅಜ್ಜಿಗೇ ಕೊಡಿ.

ಹೊಲಮನೆ ಹಿರಿಯ (ಕುಂದಗೋಳ ಕಡೆ)

ತಮ್ಮಾ, ನಮ್ಮ ಹೊಲದಲ್ಲಿ ನಲವತ್ತು ವರ್ಷ ನಾಯಿ ಇದ್ದವು. ಒಂದಕ್ಕೂ ಮಾಸ್ತರ ಇಟ್ಟಿರಲಿಲ್ಲ. ಕುರಿ ಕಾಯುವವರ ನಾಯಿ ನೋಡು, ಸಿಳ್ಳು ಹೊಡೆದರೆ ಹೋಗುತ್ತದೆ, ಸಿಳ್ಳು ಹೊಡೆದರೆ ಬರುತ್ತದೆ. ಕೈಯಲ್ಲಿ ಒಂದು ಬೆತ್ತ ಇರಲಿ. ಎರಡು ಸಲ ಬಿದ್ದರೆ ಮೂರನೇ ಸಲ ಹಾರುವುದಿಲ್ಲ. 12,000 ಅಂತೆ!

ರಾಣೆಬೆನ್ನೂರ ರಾಜಿ

ಹಿರಿಯರೇ, ಬೆತ್ತದ ವಿಷಯಕ್ಕೆ ನನ್ನ ಅನುಭವ ಹೇಳಲೇಬೇಕು. ಎರಡು ವರ್ಷದ ಹಿಂದೆ ನಮ್ಮ ಜರ್ಮನ್ ಶೆಫರ್ಡನ್ನು ಒಂದು ಕಡೆ ಬಿಟ್ಟು ಬಂದಿದ್ದೆವು. ಹೆಸರು, ಊರು ಹೇಳುವುದಿಲ್ಲ. ಒಂದು ತಿಂಗಳ ಬೋರ್ಡಿಂಗ್. ದಿನಾ ಸಂಜೆ ವಾಟ್ಸಾಪ್‌ನಲ್ಲಿ ವಿಡಿಯೋ ಬರುತ್ತಿತ್ತು. ಕೂತಿದೆ, ಮಲಗಿದೆ, ಹೇಳಿದಲ್ಲೇ ನಿಂತಿದೆ. ನಮಗೆ ಖುಷಿಯೋ ಖುಷಿ, ನೆಂಟರಿಗೆಲ್ಲ ಕಳಿಸಿದೆವು.

ಮನೆಗೆ ಬಂದ ಮೇಲೆ ನಾನು ‘ಸಿಟ್’ ಅಂದರೆ ನನ್ನ ಮುಖ ನೋಡಿತು, ಅಷ್ಟೇ. ಆ ಟ್ರೇನರ್ ಬಂದು ಅಂದಾಗ ತಟ್ಟನೆ ಕೂತಿತು. ಕೊರಳಿನ ಕೂದಲು ಸರಿಸಿ ನೋಡಿದರೆ ಸರಪಳಿ ಉಜ್ಜಿದ ಗಾಯ. ಮನೆಯವರು ಕಸಬರಿಗೆ ಎತ್ತಿದರೆ ಸಾಕು, ಸೋಫಾ ಕೆಳಗೆ ಹೋಗಿ ಉಚ್ಚೆ ಮಾಡಿಕೊಳ್ಳುತ್ತಿತ್ತು. ಅದು ಸರಿಯಾಗಲು ಎಂಟು ತಿಂಗಳು ಹಿಡಿಯಿತು. ದುಡ್ಡು ಹೋದದ್ದು ಬೇರೆ ಮಾತು.

ಈಗ ಯಾರಾದರೂ ಕೇಳಿದರೆ ಒಂದೇ ಮಾತು ಹೇಳುತ್ತೇನೆ: ನಿಮ್ಮ ಕಣ್ಣೆದುರಿಗೆ ಇಲ್ಲದ ತರಬೇತಿಗೆ ನಾಯಿ ಕಳಿಸಬೇಡಿ.

ಗದಗಿನ ಗಾಳಿ

ನಾನು ಪಶುವೈದ್ಯಕೀಯ ಓದುತ್ತಿದ್ದೇನೆ. ರಾಜಿ ಅವರ ನಾಯಿಗೆ ಆದದ್ದರಲ್ಲಿ ಅಚ್ಚರಿ ಏನೂ ಇಲ್ಲ. ನಾಯಿ ಒಂದು ಮಾತನ್ನು ಬರೀ ಮಾತಾಗಿ ಕಲಿಯುವುದಿಲ್ಲ. ಜಾಗ, ಹೇಳಿದವರು, ಅವರ ಕೈ ಎಲ್ಲಿತ್ತು, ಎಲ್ಲವನ್ನೂ ಸೇರಿಸಿ ಕಲಿಯುತ್ತದೆ. ಅಡುಗೆಮನೆಯಲ್ಲಿ ಕೂರಲು ಕಲಿತ ನಾಯಿಗೆ ಅದೇ ಮಾತು ಗೇಟಿನ ಹತ್ತಿರ ಹೊಸದು. ಟ್ರೇನರ್ ಬಾಯಿಂದ ಕಲಿತದ್ದನ್ನು ನಿಮ್ಮ ಬಾಯಿಂದ ಮತ್ತೆ ಮೊದಲಿನಿಂದ ಕಲಿಯಬೇಕು. ಆದ್ದರಿಂದ 45 ದಿನ ಎಲ್ಲೋ ಬಿಟ್ಟು ಬಂದರೂ ಆ ಕೆಲಸ ನಿಮಗೆ ತಪ್ಪುವುದಿಲ್ಲ.

ಹಿರಿಯರ ಕುರಿನಾಯಿಯ ಮಾತು ನಿಜ. ಆದರೆ ಅದು ದಿನವಿಡೀ ಓಡಾಡುತ್ತದೆ, ಅದಕ್ಕೊಂದು ಕೆಲಸ ಇದೆ, ದೊಡ್ಡ ನಾಯಿಗಳನ್ನು ನೋಡುತ್ತ ಬೆಳೆಯುತ್ತದೆ. ಕುರಿಗಾರನ ಜೊತೆಗೇ ಉಂಡು ಮಲಗುತ್ತದೆ. ಅದು 24 ತಾಸಿನ ಶಾಲೆ. ಗುಂಡ್ಯಾ ಕಾಂಪೌಂಡಿನಲ್ಲಿ ಕಟ್ಟಿಸಿಕೊಂಡು ಕೂತಿರುತ್ತಾನೆ, ಯಾರಾದರೂ ಬಂದರೆ ಅದೇ ಅವನ ಜಾತ್ರೆ. ಅದಕ್ಕೇ ಹಾರುತ್ತಾನೆ. ಹೊಡೆದರೆ ಅವನು ಕಲಿಯುವುದು ‘ಅಜ್ಜಿ ಹತ್ತಿರ ಬಂದರೆ ನೋವಾಗುತ್ತದೆ’ ಅಂತ. ಈಗ ಪ್ರೀತಿಯಿಂದ ಹಾರುವವನು ನಾಳೆ ಹೆದರಿ ಹಲ್ಲು ತೋರಿಸಬಹುದು. 26 ಕೆಜಿ ನಾಯಿಗೆ ಅದು ಬೇಡ.

ಕಟ್ಟಿಹಾಕುವುದರ ಬಗ್ಗೆಯೂ ಒಂದು ಮಾತು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ನಾಯಿಯ ಹೆಸರನ್ನೇ ಹೇಳಿ ಬರೆದಿದ್ದಾರೆ. ಯಾವಾಗಲೂ ಕಟ್ಟಿಹಾಕುವ ಅಥವಾ ಕೂಡಿಹಾಕುವ ನಾಯಿಯನ್ನು ಸಾಕಷ್ಟು ಓಡಾಡಿಸದಿದ್ದರೆ ಅದು ಮಾಲೀಕರ ತಪ್ಪು. ಗಿಡ್ಡ ಸರಪಳಿ, ಭಾರದ ಸರಪಳಿಯಲ್ಲಿ ಹೆಚ್ಚು ಹೊತ್ತು ಕಟ್ಟುವುದೂ ತಪ್ಪೇ.

ಹೊಲಮನೆ ಹಿರಿಯ

ಕಾಯ್ದೆ ಗೊತ್ತಿರಲಿಲ್ಲ. ಬೆತ್ತದ ಮಾತು ಹಿಂದಕ್ಕೆ ತಗೊಂಡೆ. ಸಿಳ್ಳಿನ ಮಾತು ತಗೊಳ್ಳುವುದಿಲ್ಲ.

ಮುಧೋಳದ ಬಾಲ (ಕಲ್ಯಾಣ ನಗರ, ಧಾರವಾಡ)

ಸಿಳ್ಳು ಹಿಂದಕ್ಕೆ ತಗೊಳ್ಳಲೇಬೇಡಿ ಹಿರಿಯರೇ, ನನ್ನ ಮರ್ಯಾದೆ ಉಳಿಸಿದ್ದು ಅದೇ. ನಮ್ಮದು ಮುಧೋಳ ತಳಿ. ‘ಮುಧೋಳಕ್ಕೆ ತರಬೇತಿ ಹತ್ತುವುದಿಲ್ಲ’ ಅಂತ ತುಂಬಾ ಮಂದಿ ಹೇಳಿದರು. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟರಲ್ಲ, ಅವರಿಗೆ ಹತ್ತಿದ್ದು ನಮಗೆ ಯಾಕೆ ಹತ್ತಬಾರದು? ಆದರೆ ಅದು ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಬೆಕ್ಕು ಓಡಿತೋ, ಕಿವಿ ಬಂದ್. ನನ್ನ ಧ್ವನಿ ಅದಕ್ಕೆ ಗಾಳಿ ಸಮಾನ. ಸಿಳ್ಳು ಮಾತ್ರ ಕೇಳಿಸುತ್ತದೆ, ಯಾಕೆಂದರೆ ಸಿಳ್ಳು ಹೊಡೆದಾಗಲೆಲ್ಲ ಬೇಯಿಸಿದ ಕೋಳಿ ತುಂಡು ಸಿಕ್ಕಿದೆ. ಆರು ತಿಂಗಳಲ್ಲಿ ಒಂದು ಸಲವೂ ತಪ್ಪಿಸಿಲ್ಲ.

ಗುಂಡ್ಯಾನ ಮನೆಯವರಿಗೆ ಒಂದು ಪ್ರಶ್ನೆ. ‘ಕೂತ್ಕೋ’ ಅನ್ನಲು ನಿಮ್ಮ ಮನೆಯಲ್ಲಿ ಯಾರು ಯಾರು ಏನೇನು ಅನ್ನುತ್ತೀರಿ? ಸುಮ್ನೆ ಬರೆದು ನೋಡಿ.

ಗುಂಡ್ಯಾನ ಮನೆಯವ

ಬರೆದೆ, ನಾಚಿಕೆಯಾಯಿತು. ನಾನು ‘ಸಿಟ್’. ಅಪ್ಪ ‘ಬೈಠ್’. ಅವರು ರೈಲ್ವೆಯಲ್ಲಿದ್ದವರು, ನಾಯಿಗೆ ಹಿಂದಿಯೇ ಸರಿ ಅನ್ನುತ್ತಾರೆ. ಅವ್ವ ‘ಕುಂದ್ರು’. ನನ್ನ ಮಗಳು ‘ಕೂತ್ಕೋ ಪುಟ್ಟಾ’. ಅಜ್ಜಿ ಏನೂ ಅನ್ನುವುದಿಲ್ಲ, ‘ಹುಶ್’ ಅಂತಾರೆ.

ಮುಧೋಳದ ಬಾಲ

ನಿಮ್ಮ 12,000ದಲ್ಲಿ ಅರ್ಧ ಇಲ್ಲೇ ಉಳಿಯಿತು. ಒಂದು ಮಾತು ಆರಿಸಿಕೊಳ್ಳಿ. ನನ್ನ ಓಟು ‘ಕುಂದ್ರು’ಗೆ. ಗಟ್ಟಿಯಾಗಿದೆ, ಬೇರೆ ಮಾತಿನ ಜೊತೆ ಕಲಸಿಕೊಳ್ಳುವುದಿಲ್ಲ.

ನಾವು ಮಾಡಿದ ದೊಡ್ಡ ತಪ್ಪು ಏನೆಂದರೆ, ಕರೆಯಲು ‘ಬಾ’ ಇಟ್ಟಿದ್ದೆವು, ತಡೆಯಲು ‘ಬ್ಯಾಡ’. ಎರಡೂ ಬಕಾರ. ‘ಬ್ಯಾಡ’ ಅಂದಾಗ ಅರ್ಧಕ್ಕೇ ಓಡಿ ಬಂದು ನಿಲ್ಲುತ್ತಿತ್ತು. ನಾವು ಬೈಯುತ್ತಿದ್ದೆವು. ಆಮೇಲೆ ‘ಬಾ’ ಅಂದರೂ ಬರುವುದನ್ನು ಬಿಟ್ಟಿತು! ಈಗ ಕರೆಯಲು ‘ಇಲ್ಲಿ’, ತಡೆಯಲು ‘ಏಯ್, ಬಿಡು’. ಶಹಬ್ಬಾಸ್‌ಗಿರಿಗೆ ‘ಭೇಷ್’. ಚಿಕ್ಕ ಮಾತು, ದಿನದಲ್ಲಿ ಬೇರೆ ಯಾವುದಕ್ಕೂ ಬಳಸುವುದಿಲ್ಲ. ಪೇಟೆಯಲ್ಲಿ ಕ್ಲಿಕ್ಕರ್ ಅಂತ ಟಿಕ್ ಅನ್ನುವ ಸಾಮಾನು ಸಿಗುತ್ತದೆ. ಅದು ಮಾಡುವ ಕೆಲಸವನ್ನು ‘ಭೇಷ್’ ಪುಕ್ಕಟೆ ಮಾಡುತ್ತದೆ.

ಗದಗಿನ ಗಾಳಿ

‘ಭೇಷ್’ ಚೆನ್ನಾಗಿದೆ! ಹೊತ್ತು ಮಾತ್ರ ಸರಿಯಾಗಿರಬೇಕು. ಕುಂಡೆ ನೆಲಕ್ಕೆ ತಾಗಿದ ಕ್ಷಣಕ್ಕೆ ‘ಭೇಷ್’, ಹಿಂದೆಯೇ ತಿನಿಸು. ಮೂರು ಸೆಕೆಂಡ್ ತಡವಾದರೆ ಅವನು ಆಗಲೇ ಎದ್ದಿರುತ್ತಾನೆ, ನೀವು ಎದ್ದದ್ದಕ್ಕೆ ಬಹುಮಾನ ಕೊಟ್ಟಂತಾಗುತ್ತದೆ.

ಕೂರಿಸುವುದು ಸುಲಭ. ತಿನಿಸನ್ನು ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆಯ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೆ ಹೋದಂತೆ ಹಿಂಭಾಗ ತಾನಾಗಿ ಇಳಿಯುತ್ತದೆ. ಬೆನ್ನು ಒತ್ತಬೇಡಿ. ಒಂದು ಸಲಕ್ಕೆ ಐದು ನಿಮಿಷ ಸಾಕು, ದಿನಕ್ಕೆ ಮೂರು ಸಲ. ಊಟದ ಮುಂಚೆ ಮಾಡಿ, ಹೊಟ್ಟೆ ತುಂಬಿದವನಿಗೆ ಪಾಠ ಬೇಡ.

ಹಾರುವುದಕ್ಕೆ ಬರೋಣ. ಹಾರಿದಾಗ ನೀವು ಬೈದರೂ, ತಳ್ಳಿದರೂ ಅವನ ಲೆಕ್ಕದಲ್ಲಿ ಅದು ಆಟ. ಬೆನ್ನು ತಿರುಗಿಸಿ ನಿಂತುಬಿಡಿ. ನಾಲ್ಕೂ ಕಾಲು ನೆಲದ ಮೇಲೆ ಬಂದಾಗ ‘ಭೇಷ್’, ಮಾತು, ಮೈದಡವುವುದು. ಆದರೆ ಮೊದಲೇ ಹೇಳಿಬಿಡುತ್ತೇನೆ, ಶುರುವಿನ ಕೆಲವು ದಿನ ಹಾರುವುದು ಜಾಸ್ತಿಯಾಗುತ್ತದೆ. ಇಷ್ಟು ದಿನ ನಡೆಯುತ್ತಿದ್ದದ್ದು ಈಗ ನಡೆಯುತ್ತಿಲ್ಲ ಅಂತ ಇನ್ನೂ ಜೋರಾಗಿ ಮಾಡಿ ನೋಡುತ್ತಾನೆ. ಲಿಫ್ಟ್ ಬರದಿದ್ದರೆ ನಾವು ಬಟನ್ನನ್ನು ಹತ್ತು ಸಲ ಒತ್ತುವುದಿಲ್ಲವಾ, ಹಾಗೆ. ಬಹಳ ಮಂದಿ ಅಲ್ಲೇ ಸೋತು ‘ಇದೂ ಆಗಲಿಲ್ಲ’ ಅನ್ನುತ್ತಾರೆ.

ಈ ಪ್ರಯೋಗ ಅಜ್ಜಿಯ ಮೇಲೆ ಖಂಡಿತ ಬೇಡ. ಮೊದಲು ನೀವು, ಆಮೇಲೆ ಪಕ್ಕದ ಮನೆಯವರು. ಅಲ್ಲಿಯವರೆಗೆ ಅಜ್ಜಿ ಅಂಗಳಕ್ಕೆ ಬರುವ ಹೊತ್ತಿಗೆ ಗುಂಡ್ಯಾ ಒಳಗೆ ಇರಲಿ, ಇಲ್ಲವೇ ಕಿಟಕಿಯ ಸರಳಿಗೆ ಕಟ್ಟಿದ ಹಗ್ಗದಲ್ಲಿ ಹತ್ತು ನಿಮಿಷ ಇರಲಿ.

ಹಾವೇರಿ ಯಾಲಕ್ಕಿ

ಎಲ್ಲರೂ ಕೋಳಿ, ಮೊಟ್ಟೆ ಅಂತೀರಿ. ನಮ್ಮ ಮನೆಗೆ ಮೊಟ್ಟೆಯೂ ಬರುವಂತಿಲ್ಲ. ಬೀದಿಯಿಂದ ತಂದ ಮರಿ ಇದೆ, ನಾಲ್ಕು ತಿಂಗಳು. ಏನು ಕೊಡಲಿ? ನಮ್ಮತ್ತೆ ದಿನಾ ಒಂದು ಪೇಢೆ ಕೊಡುತ್ತಾರೆ, ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಗದಗಿನ ಗಾಳಿ

ಪೇಢೆ ಬರೀ ಸಕ್ಕರೆ, ನಿಲ್ಲಿಸಿ. ಪನೀರ್, ಬೇಯಿಸಿದ ಗಜ್ಜರಿ, ಸೌತೆಕಾಯಿ, ಉಪ್ಪಿಲ್ಲದ ಹುರಿದ ಶೇಂಗಾ ನಡೆಯುತ್ತವೆ. ಒಂದೊಂದು ತುಂಡು ಕಡಲೆ ಕಾಳಿನಷ್ಟು ಸಾಕು. ನಾಯಿ ಎಷ್ಟು ಸಲ ಸಿಕ್ಕಿತು ಅಂತ ನೋಡುತ್ತದೆ, ಎಷ್ಟು ದೊಡ್ಡದು ಅಂತ ಅಷ್ಟಾಗಿ ನೋಡುವುದಿಲ್ಲ. ಅಷ್ಟನ್ನು ಊಟದಲ್ಲಿ ಕಡಿಮೆ ಮಾಡಿ, ಲ್ಯಾಬ್ರಡಾರ್ ಇದ್ದವರಂತೂ ಮರೆಯಲೇಬೇಡಿ.

ನಮ್ಮ ಕಡೆಯ ತಿಂಡಿಗಳಲ್ಲಿ ಅಪಾಯ ಇರುವುದು ಉಳ್ಳಾಗಡ್ಡಿ, ಬಳ್ಳೊಳ್ಳಿಯಲ್ಲಿ. ಗಿರ್ಮಿಟ್‌ನಲ್ಲಿ ಹಸಿ ಉಳ್ಳಾಗಡ್ಡಿ ಇರುತ್ತದೆ, ಶೇಂಗಾ ಚಟ್ನಿಯಲ್ಲಿ ಬಳ್ಳೊಳ್ಳಿ. ಎರಡೂ ನಾಯಿಯ ರಕ್ತದ ಕೆಂಪು ಕಣಗಳನ್ನು ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಶುಗರ್ ಫ್ರೀ ತಿನಿಸುಗಳಲ್ಲಿ ಕೆಲವಕ್ಕೆ ಹಾಕುವ ಕ್ಸೈಲಿಟಾಲ್ ನಾಯಿಗೆ ವಿಷ.

ಮರಿಗೆ ರೇಬೀಸ್ ಲಸಿಕೆ ಆಗಿದೆಯಾ? ಆಗಿಲ್ಲದಿದ್ದರೆ ನಾಳೆಯೇ ಪಶು ಆಸ್ಪತ್ರೆಗೆ ಹೋಗಿ. ಮೂರು ತಿಂಗಳಿಗೇ ಕೊಡುತ್ತಾರೆ. ಉಳಿದ ಲಸಿಕೆಗಳೂ ಮುಗಿಯುವವರೆಗೆ ಬೇರೆ ನಾಯಿಗಳ ಗುಂಪಿಗೆ ಒಯ್ಯಬೇಡಿ.

ಹಾವೇರಿ ಯಾಲಕ್ಕಿ

ರೇಬೀಸ್ ಆಗಿದೆ. ಪೇಢೆ ನಿಲ್ಲಿಸುವುದು ಕಷ್ಟದ ಕೆಲಸ. ಅತ್ತೆಗೂ ಯಾರಾದರೂ ಟ್ರೇನರ್ ಇದ್ದಾರಾ?

ಕೆಲಗೇರಿ ದಂಡೆ (ಧಾರವಾಡ)

ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅಲ್ವಾ? ಟ್ರೇನರ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಹಗ್ಗ ಹಿಡಿಯುವ ಕೈ ತಪ್ಪಿದ್ದರೆ ಹತ್ತಿರ ನಿಂತು ನೋಡಿದವರೇ ಹೇಳಬೇಕು. ಆದರೆ ಪ್ಯಾಕೇಜ್ ತಗೊಳ್ಳಬೇಡಿ. ನಾವು ಕೆಲಗೇರಿಯಲ್ಲಿ ಹೀಗೆ ಮಾಡಿದೆವು. ನಾಲ್ಕು ಮನೆಯವರು ಸೇರಿ ಪೊಲೀಸ್ ಶ್ವಾನದಳದಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬರನ್ನು ಭಾನುವಾರ ಮಾತ್ರ ಕರೆದೆವು. ಒಂದೂವರೆ ತಾಸಿಗೆ 1,200 ರೂಪಾಯಿ, ಅಂದರೆ ಮನೆಗೆ 300. ಆರು ಭಾನುವಾರಕ್ಕೆ ನನಗೆ 1,800 ಆಯಿತು. ನಡುವಿನ ಆರು ದಿನ ಮನೆಪಾಠ. ಬೇರೆ ನಾಯಿಗಳು ಎದುರಿಗೇ ಇರುತ್ತವಲ್ಲ, ಅವುಗಳ ನಡುವೆ ನಮ್ಮ ಮಾತು ಕೇಳುವುದನ್ನೂ ಕಲಿತವು. ಮನೆಗೆ ಬಂದು ಒಂದೇ ನಾಯಿಗೆ ಕಲಿಸಿದರೆ ಇದು ಸಿಗುವುದಿಲ್ಲ.

ಆರಿಸುವಾಗ ಎಚ್ಚರ ಬೇಕು. ನಮ್ಮಲ್ಲಿ ನಾಯಿ ಕಲಿಸಲು ಲೈಸೆನ್ಸ್ ಕಡ್ಡಾಯ ಇಲ್ಲ. ಬೋರ್ಡ್ ಹಾಕಿದವರೆಲ್ಲ ಟ್ರೇನರ್. ನಾನು ಎರಡೇ ಪ್ರಶ್ನೆ ಕೇಳುತ್ತೇನೆ. ನಾಯಿ ತಪ್ಪು ಮಾಡಿದರೆ ಏನು ಮಾಡುತ್ತೀರಿ? ‘ಅದನ್ನು ನನಗೆ ಬಿಡಿ’ ಅಂದರೆ ಚಹಾ ಕೊಟ್ಟು ಕಳಿಸಿಬಿಡಿ. ಎರಡನೆಯದು, ಆ ಒಂದು ತಾಸು ಹಗ್ಗ ಯಾರ ಕೈಯಲ್ಲಿರುತ್ತದೆ? ನಮ್ಮ ಭಾನುವಾರದ ಮಾಸ್ತರು ಆರು ವಾರದಲ್ಲಿ ನನ್ನ ನಾಯಿಯ ಹಗ್ಗ ಮುಟ್ಟಿದ್ದು ಎರಡೇ ಸಲ. ಉಳಿದ ಹೊತ್ತೆಲ್ಲ ‘ಮೊಣಕೈ ಇಳಿಸ್ರಿ, ಹಗ್ಗ ಸಡಿಲ ಬಿಡ್ರಿ’ ಅಂತ ನನಗೇ ಬೈಗುಳ.

ಅವರ ನಂಬರ್ ಇಲ್ಲಿ ಹಾಕುವುದಿಲ್ಲ, ಅವರಿಗೆ ಇಷ್ಟವಿಲ್ಲ. ನಿಮಗೆ ಬೇರೆಯಾಗಿ ತಿಳಿಸುತ್ತೇನೆ. ನವನಗರದಲ್ಲಿ ಮೂರು ಮನೆ ಹುಡುಕಿ ಇಡಿ.

ರಾಣೆಬೆನ್ನೂರ ರಾಜಿ

ಈ ಎರಡನೇ ಪ್ರಶ್ನೆ ನನಗೆ ಎರಡು ವರ್ಷದ ಹಿಂದೆ ಯಾರಾದರೂ ಹೇಳಬಾರದಿತ್ತಾ!

ಗುಂಡ್ಯಾನ ಮನೆಯವ, ಹನ್ನೊಂದು ದಿನದ ನಂತರ

ಮೊದಲು ಮನೆಯ ಸುದ್ದಿ. ‘ಕುಂದ್ರು’ ಗೆದ್ದಿತು. ಅಪ್ಪ ಎರಡು ದಿನ ಮುನಿಸಿಕೊಂಡು ಈಗ ಒಪ್ಪಿದ್ದಾರೆ. ಮಗಳು ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದಾಳೆ: ಕುಂದ್ರು, ಇಲ್ಲಿ, ಬಿಡು, ಭೇಷ್. ಬೇರೆ ಮಾತು ಆಡಿದವರು ಹುಂಡಿಗೆ ಐದು ರೂಪಾಯಿ ಹಾಕಬೇಕು. ಇವತ್ತಿನವರೆಗೆ 85 ಆಗಿದೆ, ಅದರಲ್ಲಿ 60 ಅಪ್ಪನದೇ.

ಗಾಳಿ ಅವರು ಹೇಳಿದಂತೆಯೇ ಆಯಿತು. ನಾಲ್ಕನೇ ದಿನ ಗುಂಡ್ಯಾ ನನ್ನ ಬೆನ್ನಿನ ಮೇಲೇ ಹಾರಿ ಅಂಗಿ ಹರಿದ. ನೀವು ಮೊದಲೇ ಹೇಳಿರದಿದ್ದರೆ ಅವತ್ತೇ ಬಿಟ್ಟುಬಿಡುತ್ತಿದ್ದೆ. ಒಂಬತ್ತನೇ ದಿನ ಗೇಟು ತೆಗೆದೆ. ಓಡಿ ಬಂದ, ಕಾಲು ಎತ್ತಿದ, ಏನೋ ನೆನಪಾದವನ ಹಾಗೆ ಇಳಿಸಿದ. ನಾನು ‘ಭೇಷ್’ ಅಂದದ್ದು ಓಣಿಗೆಲ್ಲ ಕೇಳಿಸಿರಬೇಕು.

ಮನೆಗಳೂ ಸಿಕ್ಕವು. ಒಂದು ಪಗ್, ಒಂದು ಬೀದಿನಾಯಿ, ಇನ್ನೊಂದು ಲ್ಯಾಬ್. ಖಾಲಿ ಸೈಟಿನಲ್ಲಿ ಬೆಳಗ್ಗೆ ಆರೂವರೆಗೆ. ಎಂಟು ಗಂಟೆ ಮೇಲೆ ಬಿಸಿಲು ನೆತ್ತಿಗೆ ಬಡಿಯುತ್ತದೆ.

ಒಂದು ತೊಡಕು. ವಾಕಿಂಗ್‌ಗೆ ಹೊರಟರೆ ಬೀದಿನಾಯಿಗಳ ಗುಂಪು ಹಿಂದೆ ಬೀಳುತ್ತದೆ. ಏನು ಮಾಡಲಿ?

ಮುಧೋಳದ ಬಾಲ

ಓಡಬೇಡಿ, ಕಲ್ಲು ಎತ್ತಬೇಡಿ. ದೂರದಲ್ಲಿ ಕಂಡಾಗಲೇ ತಿರುಗಿ ಬೇರೆ ಓಣಿ ಹಿಡಿಯಿರಿ. ಗುಂಡ್ಯಾ ನಿಮ್ಮ ಕಡೆ ನೋಡಿದರೆ ತಿನಿಸು ಕೊಡಿ. ಹಗ್ಗ ಬಿಗಿ ಹಿಡಿದರೆ ಅವನಿಗೂ ಹೆದರಿಕೆ ಹತ್ತುತ್ತದೆ. ನಾನು ದಿನಾ ಒಂದೇ ಹೊತ್ತಿಗೆ, ಒಂದೇ ಓಣಿಯಲ್ಲಿ ಹೋಗುತ್ತೇನೆ. ಮೂರು ವಾರಕ್ಕೆ ಅಲ್ಲಿನ ನಾಯಿಗಳಿಗೆ ನಾವು ಹಳಬರಾದೆವು. ಕಿವಿ ತುದಿ ಕತ್ತರಿಸಿದ ನಾಯಿ ಕಂಡರೆ ಅದಕ್ಕೆ ಸಂತಾನಹರಣ ಆಗಿದೆ ಅಂತ ಅರ್ಥ. ಅಂಥವು ನಮ್ಮ ಓಣಿಯಲ್ಲಂತೂ ತಣ್ಣಗಿವೆ.

ಗದಗಿನ ಗಾಳಿ

ಜಗಳ ಬಿಡಿಸಲು ಹೋಗಿ ಕಚ್ಚಿಸಿಕೊಂಡರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಶುರು ಮಾಡಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚುತ್ತ ಕೂರಬೇಡಿ.

ಗುಂಡ್ಯಾನ ಮನೆಯವ, ನಾಲ್ಕನೇ ಭಾನುವಾರ

ಇವತ್ತಿನ ಪಾಠ ಹಗ್ಗ ಜಗ್ಗದೆ ನಡೆಯುವುದು. ಹಗ್ಗ ಬಿಗಿಯಾದ ಕೂಡಲೇ ನಾವು ಕಂಬದ ಹಾಗೆ ನಿಲ್ಲಬೇಕು. ಸಡಿಲವಾದರೆ ಮಾತ್ರ ಮುಂದಿನ ಹೆಜ್ಜೆ. ಮನೆಯಿಂದ ಖಾಲಿ ಸೈಟಿಗೆ ಮೂರು ನಿಮಿಷದ ದಾರಿ. ನಮಗೆ 35 ನಿಮಿಷ ಬೇಕಾಯಿತು. ಹಾಲಿನವರು ‘ಏನಾತ್ರೀ, ಕಾಲು ಹಿಡಕೊಂಡಾವೇನು?’ ಅಂತ ಗಾಡಿ ನಿಲ್ಲಿಸಿ ಕೇಳಿದರು. ಬರುವಾಗ 20 ನಿಮಿಷ. ಮಾಸ್ತರು ಕೊರಳಿನ ಸರಪಳಿ ತೆಗೆಸಿ ಎದೆಯ ಮುಂದೆ ಕೊಂಡಿ ಇರುವ ಹಾರ್ನೆಸ್ ಹಾಕಿಸಿದ್ದಾರೆ. ಜಗ್ಗಿದರೆ ಮೈ ನಮ್ಮ ಕಡೆಗೇ ತಿರುಗುತ್ತದೆ.

ಅಜ್ಜಿಯದು ಬೇರೆಯೇ ಕತೆ. ಅಜ್ಜಿ ಬಂದರೆ ಗುಂಡ್ಯಾ ಹಾರುವುದನ್ನು ಪೂರ್ತಿ ಬಿಟ್ಟಿದ್ದ. ಅದು ನನ್ನ ತರಬೇತಿ ಅಂದುಕೊಂಡು ಬೀಗುತ್ತಿದ್ದೆ. ಮೊನ್ನೆ ಮಧ್ಯಾಹ್ನ ಬೇಗ ಮನೆಗೆ ಬಂದೆ. ಅಜ್ಜಿ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಮಡಿಲಲ್ಲಿ ಜೋಳದ ರೊಟ್ಟಿಯ ಚೂರು. ಗುಂಡ್ಯಾ ಎದುರಿಗೆ ಶಿಸ್ತಾಗಿ ಕೂತಿದ್ದ. ಕಾಲು ಎತ್ತಿದರೆ ರೊಟ್ಟಿ ಮುಷ್ಟಿಯೊಳಗೆ. ಇಳಿಸಿದರೆ ಒಂದು ಚೂರು. ಮಾತೇ ಇಲ್ಲ. ಎಷ್ಟು ದಿನದಿಂದ ಅಂತ ಕೇಳಿದೆ. ‘ತಂಬಗಿ ಗಟಾರಕ್ಕ ಬಿದ್ದ ಮರುದಿನದಿಂದ’ ಅಂದರು.

ಸಪ್ತಾಪುರ ಚಹಾ

ನಾನು ಮೊದಲನೇ ಉತ್ತರದಲ್ಲೇ ಹೇಳಿದ್ದೆ.

ಹೊಲಮನೆ ಹಿರಿಯ

ಅಜ್ಜಿಗೆ ನಮಸ್ಕಾರ ತಿಳಿಸು. ರೊಟ್ಟಿ ಯಾವ ಜೋಳದ್ದು ಅಂತ ಕೇಳು.

ಕೆಲಗೇರಿ ದಂಡೆ

ದೂರದಿಂದ ಕರೆದರೆ ಬರುತ್ತಾನಾ?

ಗುಂಡ್ಯಾನ ಮನೆಯವ

ಅಂಗಳದಲ್ಲಿ ಬರುತ್ತಾನೆ. ಸೈಟಿನಲ್ಲಿ ಹತ್ತಕ್ಕೆ ಆರು ಸಲ. ಮಿರ್ಚಿ ಗಾಡಿ ಹತ್ತಿರ ಇದ್ದರೆ ಸೊನ್ನೆ. ಹಿರಿಯರೇ, ಬಿಳಿಜೋಳ.

ಮುಧೋಳದ ಬಾಲ

ಹತ್ತು ಮೀಟರ್ ನೂಲಿನ ಹಗ್ಗ ತಗೊಂಡು ಹಾರ್ನೆಸ್‌ಗೆ ಕಟ್ಟಿ ಬಿಡಿ. ಹಗ್ಗ ನೆಲದ ಮೇಲೆ ಎಳೆದಾಡಲಿ, ತುದಿ ನಿಮ್ಮ ಕಾಲ ಹತ್ತಿರ ಇರಲಿ. ‘ಇಲ್ಲಿ’ ಅಂತ ಒಂದೇ ಸಲ ಕರೆಯಿರಿ. ಬಂದ ಮೇಲೆ ತಿನಿಸು ಕೊಟ್ಟು ಮತ್ತೆ ಆಡಲು ಬಿಡಿ. ಕರೆದ ಕೂಡಲೇ ಕಟ್ಟಿ ಮನೆಗೆ ಒಯ್ದರೆ ಮುಂದಿನ ಸಲ ಯಾಕೆ ಬರುತ್ತಾನೆ? ಸ್ನಾನಕ್ಕೆ, ಔಷಧಿಗೆ ಕರೆಯಬೇಡಿ, ನೀವೇ ಹೋಗಿ ಹಿಡಿದು ತನ್ನಿ. ಮಿರ್ಚಿ ಗಾಡಿ ಪರೀಕ್ಷೆಗೆ ಇನ್ನೂ ಎರಡು ತಿಂಗಳು ಹೋಗಲಿ.

ಹಾವೇರಿ ಯಾಲಕ್ಕಿ

ಮುಂದಿನ ತಿಂಗಳು ತಂಗಿಯ ಮನೆಗೆ ನವನಗರಕ್ಕೆ ಬರುತ್ತೇವೆ, ಅಷ್ಟರಲ್ಲಿ ಮರಿಯ ಲಸಿಕೆಗಳೂ ಮುಗಿಯುತ್ತವೆ. ಒಂದು ಭಾನುವಾರಕ್ಕೆ ಸೇರಿಸಿಕೊಳ್ಳುತ್ತೀರಾ? 300 ರೂಪಾಯಿ ತರುತ್ತೇನೆ. ಅತ್ತೆಯೂ ಬರುತ್ತಾರೆ.

ಗುಂಡ್ಯಾನ ಮನೆಯವ

ಬನ್ನಿ. ಐದು ಮನೆ ಆದರೆ ತಲೆಗೆ 240 ಬರುತ್ತದೆ. ಲಸಿಕೆ ಕಾರ್ಡ್ ಮರೆಯಬೇಡಿ. ಅತ್ತೆಯನ್ನು ನಮ್ಮ ಅಜ್ಜಿಯ ಪಕ್ಕದಲ್ಲಿ ಕೂರಿಸೋಣ, ಇನ್ನೊಂದು ಕುರ್ಚಿ ತರುತ್ತೇನೆ. ಪೇಢೆ ಡಬ್ಬಿ ಮಾತ್ರ ತಂಗಿಯ ಮನೆಯಲ್ಲೇ ಇಟ್ಟು ಬನ್ನಿ.